ಹಕ್ಕಲು ತೆನೆಯ ನಕ್ಷತ್ರ

ಕಾಯಿ ಮಿಸ್ಸು ತೀರಿಕೊಂಡರು ಎಂಬ ಫೋನು ಬಂದಾಗ ನಾನು ಶಾಲೆಯ ತಾರಸಿಯ ಮೇಲೆ ಅವರದೇ ಡಬ್ಬಗಳನ್ನು ಬಿಸಿಲಿಗೆ ಹಾಕಿಕೊಂಡು, ಅವರನ್ನೇ ಬೈಯುತ್ತ ಕೂತಿದ್ದೆ. ಡಿಸೆಂಬರಿನ ಒಂದು ಭಾನುವಾರ. ಊರಿನವರೆಲ್ಲ ಮನೆಯಲ್ಲಿ ಮಸಾಲೆ ರುಬ್ಬುವ ಹೊತ್ತಿಗೆ ನಾನು ಹಳೇ ಬಿಸ್ಕತ್ತಿನ ಡಬ್ಬಗಳ ಮುಚ್ಚಳ ಬಿಚ್ಚಿ, ಸರ್ವೆ ಕಾಯಿ ಒಂದು ಕಡೆ, ನೀಲಗಿರಿ ಕಾಯಿ ಒಂದು ಕಡೆ, ಗುಲ್‌ಮೊಹರ್ ಮರದ ಕತ್ತಿಯಂಥ ಕಾಯಿ ಇನ್ನೊಂದು ಕಡೆ ಎಂದು ಹರಕು ಸೀರೆಯ ಮೇಲೆ ಹರಡಿ, ಹುಳ ಬಿದ್ದಿದೆಯೋ ಎಂದು ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದೆ. ಹುಳ ಬಿದ್ದಿತ್ತು. ಪ್ರತಿ ಸಲವೂ ಬಿದ್ದಿರುತ್ತದೆ. ನಾಲ್ಕು ವರ್ಷದ ಹಿಂದೆ ನಿವೃತ್ತಿಯ ದಿನ ಏಳು ಡಬ್ಬ ನನ್ನ ಮೇಜಿನ ಮೇಲೆ ಪೇರಿಸಿ, ತಿಂಗಳಿಗೊಂದು ಸಲ ಬಿಸಿಲು ತೋರಿಸಿದರೆ ಸಾಕು, ನಿಮ್ಮನ್ನು ಇನ್ನೇನೂ ಕೇಳುವುದಿಲ್ಲ ಎಂದು ಹೇಳಿ ಹೋಗಿದ್ದರು. ನನಗೆ ಬೇಕೋ ಬೇಡವೋ ಎಂದು ಕೇಳಿರಲಿಲ್ಲ.

ಫೋನು ಮಾಡಿದ್ದು ತಿ. ನರಸೀಪುರದಿಂದ ಅವರ ತಂಗಿಯ ಮಗಳು. ಬೆಳಿಗ್ಗೆ ಕಾಫಿ ಕುಡಿದು ಕೂತವರು ಹಾಗೇ ಒರಗಿದರಂತೆ. ನಾಳೆ ಹನ್ನೊಂದು ಗಂಟೆಗೆ ಮಣ್ಣು ಅಂದಳು. ಬೈಯುತ್ತಿದ್ದ ಬಾಯನ್ನು ಅರ್ಧಕ್ಕೆ ನಿಲ್ಲಿಸಬೇಕಾಯಿತು. ಬದುಕಿದ್ದಾಗ ಒಂದು ದಿನವೂ ನನ್ನ ಕೆಲಸವನ್ನು ಸಲೀಸು ಮಾಡಿದವರಲ್ಲ. ಹೋಗುವಾಗಲೂ ಮಾಡಲಿಲ್ಲ.

ಅವರು ನಂಜನಗೂಡಿನ ನಮ್ಮ ಸಣ್ಣ ಶಾಲೆಯ ಕ್ರಾಫ್ಟ್ ಟೀಚರು. ಅವರ ನಿಜವಾದ ಹೆಸರು ಹಾಜರಿ ಪುಸ್ತಕ ಬಿಟ್ಟು ಬೇರೆಲ್ಲೂ ಬಳಕೆಯಾಗಲಿಲ್ಲ, ಆದ್ದರಿಂದ ಇಲ್ಲಿಯೂ ಬೇಡ. ಮಕ್ಕಳು ಇಟ್ಟ ಹೆಸರು ಕಾಯಿ ಮಿಸ್ಸು. ಅವರ ಚೀಲದಲ್ಲಿ, ಮೇಜಿನ ಖಾನೆಯಲ್ಲಿ, ಕೊನೆಗೆ ಕೊಡೆಯ ಮಡಿಕೆಯಲ್ಲಿಯೂ ಯಾವುದಾದರೊಂದು ಮರದ ಒಣಗಿದ ಕಾಯಿ ಇದ್ದೇ ಇರುತ್ತಿತ್ತು. ಮದುವೆಯಾಗಿರಲಿಲ್ಲ. ತಿ. ನರಸೀಪುರದಲ್ಲಿ ತಂಗಿಯ ಮನೆ. ದಿನಾ ಬೆಳಿಗ್ಗೆ ಅಲ್ಲಿಂದ ಇಲ್ಲಿಗೆ ಬಸ್ಸು, ಸಂಜೆ ಇಲ್ಲಿಂದ ಅಲ್ಲಿಗೆ. ತೆಳ್ಳಗೆ, ಉದ್ದಕ್ಕೆ, ಸದಾ ನೆಲ ನೋಡಿಕೊಂಡು ನಡೆಯುವ ಹೆಂಗಸು. ಹೊಸಬರು ಕಂಡರೆ ಪಾಪ, ಎಷ್ಟು ನಾಚಿಕೆ ಸ್ವಭಾವ ಅನ್ನುತ್ತಿದ್ದರು. ನಾಚಿಕೆಯೂ ಇಲ್ಲ, ಏನೂ ಇಲ್ಲ. ನೆಲದ ಮೇಲೆ ಏನು ಬಿದ್ದಿದೆ ಎಂದು ನೋಡುತ್ತಿದ್ದರು, ಅಷ್ಟೆ.

ನಾನು ವಿಜ್ಞಾನದ ಟೀಚರಾಗಿ ಸೇರಿದ ವರ್ಷ, ಡಿಸೆಂಬರ್ ಒಂದನೇ ತಾರೀಖು ಬೆಳಿಗ್ಗೆ ನನ್ನ ಮೇಜಿನ ಮೇಲೆ ಒಂದು ಬಟ್ಟೆ ಚೀಲ ಇಟ್ಟರು.

"ದಾರೀಲಿ ನೋಡ್ಕೊಂಡು ಬನ್ನಿ ಸೈನ್ಸು. ಬಿದ್ದಿರೋದನ್ನ ಬಗ್ಗಿ ಆರಿಸಿಕೊಳ್ಳಿ. ಮರಕ್ಕೆ ಮಾತ್ರ ಕೈ ಹಾಕ್ಬೇಡಿ."

ಅವರು ಯಾರನ್ನೂ ಹೆಸರು ಹಿಡಿದು ಕರೆದದ್ದಿಲ್ಲ. ನಾನು ಸೈನ್ಸು, ಪಕ್ಕದ ಮೇಜಿನವರು ಹಿಂದಿ, ಹೆಡ್ಮಾಸ್ಟರು ಆಫೀಸು. ಕ್ರಿಸ್‌ಮಸ್ ಮರಕ್ಕೆ ಅಲಂಕಾರ ಮಾಡಲು ಇಡೀ ಶಾಲೆ ಕಾಯಿ, ಕಡ್ಡಿ, ಸಿಪ್ಪೆ ಆರಿಸಿ ತರಬೇಕೆಂಬುದು ಅವರ ಕಟ್ಟಳೆ. ನಾನು ಮಾರನೇ ದಿನ ಆ ಚೀಲವನ್ನು ಖಾಲಿಯಾಗಿಯೇ ಅವರ ಮೇಜಿನ ಮೇಲಿಟ್ಟೆ. ಒಳಗೆ ಇಣುಕಿದರು, ಸಂಜೆ ಮತ್ತೆ ನನ್ನ ಮೇಜಿಗೆ ತಂದಿಟ್ಟರು. ನಾನು ಮತ್ತೆ ಖಾಲಿ ಕೊಟ್ಟೆ. ತಿಂಗಳಿಡೀ ಆ ಚೀಲ ಎರಡು ಮೇಜಿನ ನಡುವೆ ಓಡಾಡಿತು. ಜಗಳ ಆಡುವವರ ಹತ್ತಿರ ಜಗಳ ಆಡಬಹುದು. ಇವರ ಹತ್ತಿರ ಆ ಅನುಕೂಲವೂ ಇರಲಿಲ್ಲ.

ಅವರ ಕಟ್ಟಳೆಗಳು ಒಂದೆರಡಲ್ಲ. ಅಂಗಡಿಯಿಂದ ಏನೂ ತರಬಾರದು. ಮರ ಅಂದರೆ ಗಾಳಿಗೆ ಮುರಿದ ಸರ್ವೆಯ ಕೊಂಬೆ; ಅದನ್ನು ಮರಳು ತುಂಬಿದ ಎಣ್ಣೆ ಡಬ್ಬದಲ್ಲಿ ನೆಡಬೇಕು. ಬಣ್ಣ ಅಂದರೆ ಸುಣ್ಣ, ಕೆಮ್ಮಣ್ಣು, ಅರಿಶಿನ. ಅಂಟು ಅಂದರೆ ಮನೆಯಲ್ಲಿ ಕಾಸಿದ ಮೈದಾ ಅಂಟು. ತೂಗುಹಾಕುವ ದಾರ ಬದನವಾಳಿನಿಂದ ತಂದ ಖಾದಿ ನೂಲಿನ ತುಂಡು. ಮಂಜಿನ ಬದಲು ಬೂರುಗದ ಹತ್ತಿ. ನಮ್ಮ ಮಕ್ಕಳಲ್ಲಿ ಮಂಜು ಕಂಡವರು ಯಾರು, ಅದನ್ನಾದರೂ ಬಿಡಬಹುದಲ್ಲ ಎಂದು ನಾನೊಮ್ಮೆ ಕೇಳಿದ್ದೆ. ಬೂರುಗದ ಹತ್ತಿ ಕಂಡಿದ್ದಾರಲ್ಲ, ಅದನ್ನೇ ಹಾಕುತ್ತಿದ್ದೇವಲ್ಲ ಅಂದರು.

ಒಮ್ಮೆ ಸಿಬ್ಬಂದಿಯೆಲ್ಲ ತಲಕಾಡಿಗೆ ಹೋಗಿದ್ದೆವು. ಉಳಿದವರು ದೇವಸ್ಥಾನ ನೋಡಿ ಹೊಳೆಯಲ್ಲಿ ಕಾಲಿಟ್ಟು ಬರುವಷ್ಟರಲ್ಲಿ ಇವರು ಮರಳ ದಿಬ್ಬದ ಮೇಲಿನ ಮರಗಳ ಬುಡದಲ್ಲಿ ಮಂಡಿಯೂರಿ ಎರಡು ಚೀಲ ಕಾಯಿ ತುಂಬಿದ್ದರು. ವಾಪಸು ಬರುವಾಗ ಆ ಚೀಲಗಳಿಗೆ ವ್ಯಾನಿನಲ್ಲಿ ಸೀಟು, ನನಗೆ ಹಿಂದಿನ ಸ್ಟೆಪ್ನಿ.

ಬಸ್ಸಿನದು ಇನ್ನೊಂದು ಕತೆ. ಕಬ್ಬು ಹೂಬಿಟ್ಟಾಗ ಬರುವ ಬೂದುಬಣ್ಣದ ಕುಚ್ಚು, ನಮ್ಮ ಕಡೆ ಸೂಲಂಗಿ ಅನ್ನುವುದು, ಅದರ ದೊಡ್ಡ ಹೊರೆಯೊಂದನ್ನು ಹೊತ್ತು ಬೆಳಗಿನ ಬಸ್ಸು ಹತ್ತಿದರು. ನಾನು ಆ ದಿನ ಯಾವುದೋ ತರಬೇತಿ ಮುಗಿಸಿ ನರಸೀಪುರದಿಂದ ಅದೇ ಬಸ್ಸಿನಲ್ಲಿ ಬರುತ್ತಿದ್ದೆ. ಕಿಟಕಿಯ ಗಾಳಿಗೆ ಸೂಲಂಗಿಯ ಪುಡಿ ಎದ್ದು ಬಸ್ಸಿಗೆ ಬಸ್ಸೇ ಸೀನತೊಡಗಿತು. ಕಂಡಕ್ಟರು ಮೂಗು ಒರೆಸಿಕೊಳ್ಳುತ್ತ ಬಂದು, "ಅಲ್ಲ ಕಣ್ ಮೇಡಂ, ಇದು ಕಬ್ಬಿನ್ ಗಾಡಿನೋ ಪ್ಯಾಸೆಂಜರ್ ಗಾಡಿನೋ?" ಅಂದ. ಇವರು ಬಹಳ ಶಾಂತವಾಗಿ ಒಂದು ಸೂಲಂಗಿ ತೆಗೆದು ಡ್ರೈವರನ ಮುಂದಿನ ದೇವರ ಪಟಕ್ಕೆ ಸಿಕ್ಕಿಸಿ ಬಂದರು. ಕಂಡಕ್ಟರು ಪಟಕ್ಕೆ ಕೈಮುಗಿದು ಟಿಕೆಟ್ಟು ಹರಿಯತೊಡಗಿದ. ಆಮೇಲೆ ಅವರು ಬಸ್ಸಿನ ತುಂಬ ಕಣ್ಣಾಡಿಸಿ ನನ್ನನ್ನು ಕಂಡು, ಸೈನ್ಸು, ಸ್ವಲ್ಪ ಹಿಡ್ಕೊಳ್ಳಿ ಎಂದು ಅರ್ಧ ಹೊರೆಯನ್ನು ನನ್ನ ತೊಡೆಯ ಮೇಲೆ ಹಾಕಿದರು. ಶಾಲೆಗೆ ಬರುವ ಹೊತ್ತಿಗೆ ನನ್ನ ಇಸ್ತ್ರಿ ಮಾಡಿದ ಸೀರೆ ಕಣಕ್ಕೆ ಹಾಸಿದ ಗೋಣಿಯಂತಾಗಿತ್ತು.

ಇಸ್ತ್ರಿ ಸೀರೆಯ ಮಾತು ಸುಮ್ಮನೆ ತೆಗೆದದ್ದಲ್ಲ. ನಮ್ಮೂರು ಹುಲ್ಲಹಳ್ಳಿಯ ಹತ್ತಿರ, ನಾಲೆಯ ಕೆಳಗೆ. ಅಪ್ಪ ಬೇರೆಯವರ ಗದ್ದೆಯಲ್ಲಿ ಆಳು, ಅವ್ವ ಕೂಲಿ. ನಮ್ಮ ಮನೆಯಲ್ಲಿ, ನಮ್ಮ ಬೀದಿಯಲ್ಲಿ, ಮೊದಲು ಡಿಗ್ರಿ ಮಾಡಿದವಳು ನಾನು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಪುಕ್ಕಟೆ ಬಂದದ್ದಲ್ಲ. ಭತ್ತ ಕೊಯ್ದು ಹೊರೆ ಸಾಗಿಸಿದ ಮೇಲೆ ಗದ್ದೆಯಲ್ಲಿ ಅಲ್ಲೊಂದು ಇಲ್ಲೊಂದು ತೆನೆ ಉಳಿದಿರುತ್ತದೆ. ಅದು ಹಕ್ಕಲು. ಗದ್ದೆ ಇಲ್ಲದವರು ಹೋಗಿ ಆಯ್ದುಕೊಳ್ಳಬಹುದು, ಯಜಮಾನರು ಕಂಡೂ ಕಾಣದಂತೆ ಇರುತ್ತಾರೆ. ಹಾಗೆ ಕಂಡೂ ಕಾಣದಂತೆ ಇರುವವರ ಮುಂದೆ ಸೊಂಟ ಬಗ್ಗಿಸಿಕೊಂಡು ಓಡಾಡುವುದು ಹೇಗಿರುತ್ತದೆ ಎಂದು ನನಗೆ ಗೊತ್ತು. ಆರನೇ ತರಗತಿಯಲ್ಲಿ ನಾನು ಹಕ್ಕಲು ಆಯುತ್ತಿದ್ದ ಗದ್ದೆಯ ಬದುವಿನ ಮೇಲೆ ನನ್ನದೇ ತರಗತಿಯ ಹುಡುಗಿ, ಗದ್ದೆಯವರ ಮಗಳು, ಕಡಲೆಕಾಯಿ ತಿನ್ನುತ್ತ ನಿಂತಿದ್ದಳು. ಮಾತಾಡಿಸಲಿಲ್ಲ, ನಗಲೂ ಇಲ್ಲ. ಆ ದಿನವೇ ನಿಶ್ಚಯಿಸಿದೆ, ನೆಲಕ್ಕೆ ಬಿದ್ದದ್ದನ್ನು ಆಯುವ ಬಾಳು ನನಗೆ ಬೇಡ ಎಂದು. ಮೈಸೂರಿನ ಹಾಸ್ಟೆಲು, ಬಿ.ಎಸ್ಸಿ., ಬಿ.ಎಡ್., ಎಲ್ಲ ಆ ಬದುವಿನಿಂದ ಹೊರಟದ್ದು.

ಹೀಗೆ ಬಂದವಳ ಕೈಗೆ ಚೀಲ ಕೊಟ್ಟು ಬಗ್ಗಿ ಆರಿಸಿ ಅಂದರೆ?

ಇದನ್ನೆಲ್ಲ ಶಾಲೆಯಲ್ಲಿ ನಾನು ಯಾರಿಗೂ ಹೇಳಿರಲಿಲ್ಲ. ಮನೆ ಕಡೆ ಏನು ಮಾಡುತ್ತಾರೆ ಎಂದು ಕೇಳಿದಾಗ ವ್ಯವಸಾಯ ಅಂದಿದ್ದೆ. ಸುಳ್ಳಲ್ಲ. ಯಾರ ವ್ಯವಸಾಯ ಎಂದು ಯಾರೂ ಕೇಳಲಿಲ್ಲ. ಕೆಲಸ ಸಿಕ್ಕ ಮೇಲೆ ಅವ್ವನಿಗೆ, ಇನ್ನು ನೀನು ಹಕ್ಕಲಿಗೆ ಹೋಗಕೂಡದು ಎಂದು ಖಡಾಖಂಡಿತ ಹೇಳಿದ್ದೆ. ಹೋಗಲ್ಲ ಎಂದು ನನ್ನ ತಲೆಯ ಮೇಲೆ ಕೈಯಿಟ್ಟಿದ್ದಳು.

ಎರಡನೇ ವರ್ಷ ಕ್ರಿಸ್‌ಮಸ್ ಕಾರ್ಯಕ್ರಮದ ಜವಾಬ್ದಾರಿ ನನಗೆ ಬಂತು. ಸಭಾಂಗಣದ ವೇದಿಕೆಯ ಮೇಲೆ ಮರ ನಿಂತಿತ್ತು, ಪಕ್ಕದಲ್ಲಿ ಬಾಲಯೇಸುವಿನ ಗೋದಲಿ, ಮರಕ್ಕೆ ಒತ್ತಿ ಮುಂದೆ ಅತಿಥಿಗಳ ಕುರ್ಚಿ. ಮುಖ್ಯ ಅತಿಥಿ ಭಾಷಣ ಶುರುಮಾಡಿದ ಮೇಲೆ ಆಗಾಗ ಕತ್ತು ತಟ್ಟಿಕೊಳ್ಳತೊಡಗಿದರು. ಆಮೇಲೆ ಬೆನ್ನು. ಆಮೇಲೆ ತೋಳಿನೊಳಕ್ಕೆ ಕೈ ಹಾಕಿದರು. ಮೈದಾ ಅಂಟಿಗೆ ಬಂದ ಕೆಂಪು ಇರುವೆಗಳು ಮರದ ತುದಿಯಿಂದ ಒಂದೊಂದೇ ಅವರ ಕಾಲರಿಗೆ ಇಳಿಯುತ್ತಿದ್ದವು. ಶಾಂತಿ, ಸಹನೆ ಎಂದು ಹೇಳುತ್ತ ಹೇಳುತ್ತ ಅವರು ವೇದಿಕೆ ಬಿಟ್ಟು ಓಡಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಹೆಡ್ಮಾಸ್ಟರು ನನ್ನನ್ನು ನೋಡಿದರು. ನಾನು ಕಾಯಿ ಮಿಸ್ಸನ್ನು ನೋಡಿದೆ. ಅವರು ಇರುವೆಗಳನ್ನು ನೋಡುತ್ತಿದ್ದರು. ಮುಂದಿನ ವರ್ಷ ಅಂಟಿಗೆ ಬೇವಿನ ಸೊಪ್ಪು ಹಾಕಿ ಕುದಿಸಬೇಕು ಅಂದರು.

ಅದಕ್ಕೇ ಮುಂದಿನ ವರ್ಷ ನಾನು ಮೈಸೂರಿಗೆ ಹೋಗಿ ಫಳಫಳ ಹೊಳೆಯುವ ಚೆಂಡು, ಜರಿಮಾಲೆ, ಗಂಟೆ ತಂದು, ಸಂಜೆ ಅವರು ಬಸ್ಸಿಗೆ ಹೋದ ಮೇಲೆ ಮರಕ್ಕೆಲ್ಲ ಕಟ್ಟಿದೆ. ಮಾರನೇ ಬೆಳಿಗ್ಗೆ ನನ್ನ ಮೇಜಿನ ಮೇಲೆ ಒಂದು ಕವರು. ಒಳಗೆ ಪ್ರತಿಯೊಂದು ಚೆಂಡನ್ನೂ ಪ್ರತ್ಯೇಕವಾಗಿ ಹಳೇ ಪೇಪರಿನಲ್ಲಿ ಸುತ್ತಿ ಇಟ್ಟಿದ್ದರು. ಒಂದೂ ಒಡೆದಿರಲಿಲ್ಲ. ಒಡೆದಿದ್ದರೆ ಜಗಳಕ್ಕೆ ಒಂದು ಕಾರಣವಾದರೂ ಸಿಗುತ್ತಿತ್ತು.

ಆದರೆ ಅವರಿಗೂ ಒಂದು ಕೊರತೆ ಇತ್ತು. ಮರದ ತುದಿಯ ನಕ್ಷತ್ರ. ನಮ್ಮ ಹಳ್ಳಿಗಳಲ್ಲಿ ಭತ್ತದ ತೆನೆಯನ್ನು ಹೆಣೆದು ಬಾಗಿಲಿಗೆ ಕುಚ್ಚು ಕಟ್ಟುತ್ತಾರೆ, ಗುಬ್ಬಿ ಬಂದು ತಿನ್ನಲಿ ಎಂದು. ಅಂಥ ಹೆಣಿಗೆಯಲ್ಲಿ ಐದು ಮೂಲೆಯ ನಕ್ಷತ್ರ ಮಾಡಬೇಕೆಂಬುದು ಅವರ ಹಟ. ಬರುತ್ತಿರಲಿಲ್ಲ. ಪ್ರತಿ ಡಿಸೆಂಬರಿನಲ್ಲೂ ತೆನೆ ತಂದು, ನಡು ಮಧ್ಯಾಹ್ನ ಕೂತು, ನೂಲಿನಲ್ಲಿ ಬಿಗಿದು ಬಿಗಿದು ಹೆಣೆಯುವರು. ಹುಲ್ಲು ಲಟಲಟ ಮುರಿಯುವುದು, ಕಾಳೆಲ್ಲ ಉದುರಿ ಬರೀ ಕಡ್ಡಿ ಉಳಿಯುವುದು. ಮತ್ತೆ ತರುವರು, ಮತ್ತೆ ಮುರಿಯುವುದು. ಕೊನೆಗೆ ತುದಿಗೆ ಯಾವುದೋ ಕಾಯಿ ಸಿಕ್ಕಿಸಿ, ಈ ವರ್ಷ ಇಷ್ಟೇ ಅನ್ನುವರು. ಅಷ್ಟು ಹೇಳುವಾಗ ಮಾತ್ರ ಅವರ ಮುಖ ಸಣ್ಣದಾಗುತ್ತಿತ್ತು.

ನನಗೆ ಗೊತ್ತಿತ್ತು. ಹುಲ್ಲನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು, ಇಲ್ಲ ಇಬ್ಬನಿ ಆರುವ ಮುಂಚೆಯೇ ಹೆಣೆಯಬೇಕು. ದಾರ ಬೇಡ. ಮೂರು ಎಳೆಯಿಂದ ಶುರುಮಾಡಿ, ಸುತ್ತಿಗೊಂದು ತೆನೆ ಸೇರಿಸುತ್ತ, ಸಡಿಲವಾಗಿ ಬರಬೇಕು. ಹಕ್ಕಲು ಆಯ್ದು ತಂದ ತೆನೆಯಲ್ಲಿ ಅವ್ವ ಎಲ್ಲಕ್ಕಿಂತ ಉದ್ದನೆಯವನ್ನು ಎತ್ತಿಟ್ಟು ಪ್ರತಿ ವರ್ಷ ಒಂದು ಕುಚ್ಚು ಹೆಣೆಯುತ್ತಿದ್ದಳು; ಅವಳ ಮಗ್ಗುಲಲ್ಲಿ ಕೂತು ನಾನೂ. ಎರಡು ಅಡಿ ದೂರದಲ್ಲಿ ಕೂತು ಪ್ರಯೋಗದ ಪುಸ್ತಕ ತಿದ್ದುತ್ತ ನಾನು ಅವರ ತೆನೆ ಮುರಿಯುವ ಸದ್ದು ಕೇಳುತ್ತಿದ್ದೆ. ಮೂರು ವರ್ಷ ಕೇಳಿದೆ. ಬಾಯಿ ಬಿಡಲಿಲ್ಲ. ಬಿಟ್ಟರೆ, ಎಲ್ಲಿ ಕಲಿತಿರಿ ಎಂದು ಕೇಳುತ್ತಾರಲ್ಲ.

ನಾಲ್ಕನೇ ವರ್ಷ ಒಂದು ಶುಕ್ರವಾರ ನಾನು ಲ್ಯಾಬಿನಲ್ಲಿ ಒಂಬತ್ತನೇ ತರಗತಿಗೆ ಪಾಠ ಮುಗಿಸುತ್ತಿದ್ದೆ. ಒಬ್ಬ ಹುಡುಗಿ ಬಂದು, ಕಾಯಿ ಮಿಸ್ಸು ಹೊಸ ಟೀಚರನ್ನು ಕರೆದುಕೊಂಡು ಬಂದಿದ್ದಾರೆ, ನಕ್ಷತ್ರ ಕಲಿಸುತ್ತಾರಂತೆ, ನಿಮ್ಮನ್ನೂ ಕರೆಯುತ್ತಿದ್ದಾರೆ ಅಂದಳು. ಹೋಗಿ ನೋಡಿದರೆ ವರಾಂಡದ ನೆಲದ ಮೇಲೆ, ನಲವತ್ತು ಮಕ್ಕಳ ನಡುವೆ, ಒದ್ದೆ ಗೋಣಿಯಲ್ಲಿ ತೆನೆ ಇಟ್ಟುಕೊಂಡು ಕೂತಿದ್ದವಳು ನಮ್ಮವ್ವ.

ನಡೆದದ್ದು ಇಷ್ಟು. ಹಿಂದಿನ ದಿನ ಇವರು ರಜೆ ಹಾಕಿ ಹುಲ್ಲಹಳ್ಳಿ ಕಡೆ ಬಸ್ಸು ಹತ್ತಿ, ಕೊಯ್ಲಾದ ಗದ್ದೆ ಕಂಡಲ್ಲಿ ಇಳಿದು, ಹಕ್ಕಲು ಆಯುತ್ತಿದ್ದ ಹೆಂಗಸರನ್ನು ತೆನೆ ಹೆಣೆಯಲು ಯಾರಿಗೆ ಬರುತ್ತದೆ ಎಂದು ಕೇಳಿದ್ದಾರೆ. ಎಲ್ಲರೂ ಒಬ್ಬಳ ಕಡೆ ಕೈ ತೋರಿಸಿದ್ದಾರೆ. ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದ್ದವಳು ಅಲ್ಲಿದ್ದಳು. ಯಾವ ಶಾಲೆ ಎಂದು ಕೇಳಿಕೊಂಡಿದ್ದಾಳೆ. ಮಗಳು ಅಲ್ಲೇ ಇದ್ದಾಳೆಂದು ಹೇಳಿಲ್ಲ. ಬೆಳಗಿನ ಬಸ್ಸಿಗೆ ಬಂದಿದ್ದಾಳೆ.

ಅವ್ವ ನನ್ನನ್ನು ನೋಡಿದಳು. ನೋಡಿ, ಕಣ್ಣನ್ನು ತೆನೆಯ ಮೇಲೆ ಇಳಿಸಿದಳು. ಆಮೇಲೆ ಕಾಯಿ ಮಿಸ್ಸನ್ನು ಕೇಳಿದಳು: "ಇವ್ರೂ ಮೇಡಮ್ಮೋರಾ?"

"ಸೈನ್ಸ್ ಮೇಡಂ. ಬಹಳ ಓದಿದವರು. ನೆಲದ ಮೇಲೆ ಕೂರೋ ಕೆಲಸಕ್ಕೆಲ್ಲ ಬರಲ್ಲ ಇವರು."

"ಓದಿರೋರು ಯಾಕವ್ವ ಬತ್ತಾರೆ. ಅವ್ರ ಕೆಲ್ಸ ಅವ್ರಿಗೆ ಅದೆ," ಅಂದಳು ಅವ್ವ. ತಲೆ ಎತ್ತಲಿಲ್ಲ.

ನಾನು ಸ್ಟಾಫ್ ರೂಮಿಗೆ ಹೋಗಿ ಕೂತೆ. ಅವ್ವ ನನ್ನ ಗುರುತು ಹಿಡಿಯಲಿಲ್ಲ ಎಂದಲ್ಲ, ನನ್ನ ಮಾನ ಕಾಯಲು ಗುರುತಿಲ್ಲದವಳಂತೆ ಇದ್ದಳು. ಆ ಕ್ಷಣಕ್ಕೆ ನನಗೆ ಹಾಯೆನಿಸಿದ್ದೂ ನಿಜ, ಅದನ್ನು ಮುಚ್ಚಿಡುವುದಿಲ್ಲ. ಹಾಯೆನಿಸಿತಲ್ಲ ಎಂದು ಆಮೇಲೆ ನನ್ನನ್ನೇ ಬೈದುಕೊಂಡೆ. ಗೋಡೆಯ ಆಚೆಯಿಂದ ಅವ್ವನ ದನಿ ಕೇಳುತ್ತಿತ್ತು: ಎಳೀಬ್ಯಾಡಿ ಮಕ್ಳೆ, ಎಳುದ್ರೆ ಉದುರ್ತದೆ. ನೀರು ಕುಡಿದೆ. ಪುಸ್ತಕ ತೆರೆದೆ. ಮುಚ್ಚಿದೆ. ವರಾಂಡಕ್ಕೆ ಹೋದೆ.

ಬಾಗಿಲ ಹತ್ತಿರ ಕೂತಿದ್ದ ಹುಡುಗಿಯೊಬ್ಬಳು ಎಳೆಯನ್ನು ತಪ್ಪು ಕಡೆಯಿಂದ ತಿರುಗಿಸಿ ಬಿಗಿಯುತ್ತಿದ್ದಳು, ಕಾಳು ಉದುರುತ್ತಿತ್ತು. ಅವ್ವ ಆಚೆ ತುದಿಯಲ್ಲಿದ್ದಳು. ನಾನು ಹುಡುಗಿಯ ಪಕ್ಕ ಕೂತೆ, ನೆಲದ ಮೇಲೆ. ಅವಳ ಕೈಯಿಂದ ಹೆಣಿಗೆ ತೆಗೆದುಕೊಂಡು ಎರಡು ಸುತ್ತು ಬಿಚ್ಚಿ, ಎಳೆ ತಿರುಗಿಸಿ, ಹೊಸ ತೆನೆ ಸೇರಿಸಿ ಮುಂದುವರಿಸಿದೆ. ಹತ್ತು ವರ್ಷದ ಮೇಲಾಗಿತ್ತು ಮುಟ್ಟಿ. ಬೆರಳು ಕೇಳಲಿಲ್ಲ, ತಾನೇ ನಡೆಯಿತು. ತಲೆಯೆತ್ತಿದರೆ ಕಾಯಿ ಮಿಸ್ಸು ನನ್ನ ಕೈಯನ್ನೇ ನೋಡುತ್ತ ನಿಂತಿದ್ದರು.

"ಇದನ್ನ ಎಲ್ಲಿ ಕಲಿತ್ರಿ?"

"ನಮ್ಮವ್ವನ ಹತ್ರ."

"ಎಲ್ಲಿದ್ದಾರೆ ಅವರು?"

"ಅಲ್ಲೇ ಕೂತವ್ಳೆ ನೋಡಿ. ನೀವೇ ಕರ್ಕೊಂಡ್ ಬಂದಿದ್ದೀರಲ್ಲ."

ನಾಲ್ಕು ವರ್ಷ ಶಾಲೆಯ ಗೇಟಿನ ಹೊರಗೆ ಬಿಟ್ಟುಬರುತ್ತಿದ್ದ ನನ್ನ ಊರ ಮಾತು ಬಾಯಿಂದ ಹಾಗೇ ಬಂತು. ಅವ್ವನ ಮುಖದಲ್ಲಿ ಸಂತೋಷ ಕಾಣಬಹುದೆಂದುಕೊಂಡಿದ್ದೆ. ಅವಳು ಹಣೆ ಚಚ್ಚಿಕೊಂಡಳು. "ಯಾಕ್ ಕೂಸೆ ಯೋಳ್ಬುಟ್ಟೆ? ನಾನು ಏಟೊತ್ತಿಂದ ತಡ್ಕೊಂಡ್ ಕೂತಿವ್ನಿ."

ನಾನು ಕಾಯಿ ಮಿಸ್ಸಿನ ಕಡೆ ತಿರುಗಿದೆ. ಅವರು ಏನಾದರೂ ಅನ್ನುತ್ತಾರೆ, ಅದಕ್ಕೆ ಕೊಡಬೇಕಾದ ಉತ್ತರ ನನ್ನಲ್ಲಿ ಆರನೇ ತರಗತಿಯಿಂದ ಸಿದ್ಧವಾಗಿತ್ತು. ಹೌದು, ನಾವು ಹಕ್ಕಲು ಆಯ್ದು ಉಂಡವರು, ಏನೀಗ ಎಂದು. ಅವರ ಮುಖ ನಿಜಕ್ಕೂ ಕೆಂಪಾಗಿತ್ತು. ಅವರು ಸಿಟ್ಟಾದದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಹಂಗಾದ್ರೆ ಮೂರು ವರ್ಷದಿಂದ ನಿಮಗೆ ಗೊತ್ತಿತ್ತು! ನಾನು ಪಕ್ಕದಲ್ಲೇ ಕೂತು ತೆನೆ ಹಾಳು ಮಾಡ್ತಾ ಇದ್ರೆ ನೋಡ್ಕೊಂಡು ಕೂತಿದ್ರಿ. ಎಷ್ಟು ತೆನೆ ಸೈನ್ಸು. ಎಷ್ಟು ಒಳ್ಳೊಳ್ಳೆ ತೆನೆ."

ಅಷ್ಟೇ. ನಾನು ಯಾರ ಮಗಳು, ಯಾಕೆ ಮುಚ್ಚಿಟ್ಟೆ, ಅವ್ವ ಯಾಕೆ ಗುರುತು ಹೇಳಲಿಲ್ಲ, ಯಾವುದೂ ಅವರಿಗೆ ಬೇಕಾಗಿರಲಿಲ್ಲ. ಒಂದು ವಾರ ನನ್ನ ಹತ್ತಿರ ಮಾತು ಬಿಟ್ಟರು. ಹಾಳಾದ ತೆನೆಗಾಗಿ. ನನ್ನ ಬಾಳಿನ ಅತಿ ದೊಡ್ಡ ಗುಟ್ಟನ್ನು ನಲವತ್ತು ಮಕ್ಕಳ ಮುಂದೆ ಬಿಚ್ಚಿದ್ದೆ, ಈ ಹೆಂಗಸು ಅದನ್ನು ಒಂದು ಕಡೆ ಸರಿಸಿ ತೆನೆಯ ವಿಚಾರ ತೆಗೆದಿದ್ದರು. ಆ ವಾರವೆಲ್ಲ ನಾನು ಉರಿದೆ. ಉರಿಯುತ್ತಲೇ ಗಮನಿಸಿದೆ, ಹೇಳಬೇಕೆಂದು ವರ್ಷಗಟ್ಟಲೆ ತಯಾರು ಮಾಡಿಟ್ಟಿದ್ದ ಆ ಉತ್ತರ ಈಗ ಯಾರಿಗೂ ಬೇಕಿಲ್ಲ, ನನಗೂ ಬೇಕಿಲ್ಲ.

ನಕ್ಷತ್ರ ಆ ವರ್ಷ ಮರದ ತುದಿಗೆ ಏರಿತು, ತೆಂಗಿನಕಡ್ಡಿಯ ಚೌಕಟ್ಟು, ಅವ್ವನ ಹೆಣಿಗೆ. ಅಲ್ಲಿಂದಾಚೆ ಪ್ರತಿ ಡಿಸೆಂಬರಿನಲ್ಲೂ ಅವ್ವ ಶಾಲೆಗೆ ಬರತೊಡಗಿದಳು. ಅವಳ ಗತ್ತು ಬೇರೆ. ಹೆಡ್ಮಾಸ್ಟರಿಗೇ ಕಾಲು ಮಡಚಿ ಕೂತ್ಕಳಿ ಸಾ ಅನ್ನುವಳು. ಇಬ್ಬರೂ ಸೇರಿದರೆ ನನ್ನನ್ನು ಕೇಳುವವರಿಲ್ಲ. ನಾನು ಹೆಣೆದದ್ದನ್ನು ಕಾಯಿ ಮಿಸ್ಸು ಎತ್ತಿ ಬೆಳಕಿಗೆ ಹಿಡಿದು, ಬಿಗಿ ಆಯ್ತು, ಬಿಚ್ಚಿ ಅನ್ನುವರು. ಮೂರು ವರ್ಷ ತಾವೇ ಬಿಗಿದು ಬಿಗಿದು ಮುರಿದವರು! ನಾನು ಅವ್ವನ ಮುಖ ನೋಡಿದರೆ, ಬಿಗಿಯಾಗೇ ಅದೆ ಬುಡು ಅನ್ನುವಳು. ಒಟ್ಟಿನಲ್ಲಿ ನಾನು ಬಿಚ್ಚಬೇಕು.

ಮೊನ್ನೆ ಫೋನು ಬಂದ ಸಂಜೆಯೇ ಊರಿಗೆ ಹೋಗಿ ಅವ್ವನಿಗೆ ಹೇಳಿದೆ. ಅವಳ ಕಣ್ಣಿಗೆ ಈಗ ಪೊರೆ, ಸರಿಯಾಗಿ ಕಾಣುವುದಿಲ್ಲ. ನಾನೂ ಬತ್ತೀನಿ ಅಂದಳು. ಬೆಳಿಗ್ಗೆ ಮೊದಲ ಬಸ್ಸಿಗೆ ರಸ್ತೆಯಲ್ಲಿ ನಿಂತಾಗ, ನಂಜನಗೂಡಿನಲ್ಲಿ ಇಳಿದು ಒಂದು ಗುಲಾಬಿ ಹಾರ ತೆಗೆದುಕೊಳ್ಳೋಣ ಅಂದೆ.

"ಅಂಗ್ಡೀದಾ? ಆಯಮ್ಮ ಅಂಗ್ಡೀದು ಮುಟ್ತಿದ್ರಾ? ಬುದ್ಧಿ ಅದಾ ನಿಂಗೆ?"

ರಸ್ತೆಯ ಪಕ್ಕದಲ್ಲೇ ಕೊಯ್ಲಾದ ಗದ್ದೆ. ಈಗೆಲ್ಲ ಮೆಷಿನ್ನು ಕೊಯ್ಯುವುದರಿಂದ ಅದು ತಿರುಗಲಾಗದ ಮೂಲೆಗಳಲ್ಲಿ ಮಾತ್ರ ತೆನೆ ಬಿದ್ದಿರುತ್ತದೆ. ಇಬ್ಬನಿ ಇನ್ನೂ ಆರಿರಲಿಲ್ಲ. ಅವ್ವ ಬದುವಿನ ಮೇಲೆ ಕೂತಳು. ಅವಳಿಗೆ ಕಣ್ಣಿಲ್ಲ, ಬಸ್ಸಿಗೆ ಅರ್ಧ ಗಂಟೆ ಇದೆ. ನಾನು ಸಾವಿಗೆ ಹೋಗಲು ಉಟ್ಟಿದ್ದ ಒಳ್ಳೆಯ ಬಿಳಿ ಸೀರೆಯನ್ನು ಮೊಣಕಾಲಿಗೆತ್ತಿ ಸಿಕ್ಕಿಸಿ, ಚಪ್ಪಲಿ ಬಿಟ್ಟು, ಗದ್ದೆಗಿಳಿದೆ. ಸತ್ತೂ ನನ್ನನ್ನು ಬಗ್ಗಿಸಿದರಲ್ಲ ಎಂದು ಬಾಯಿತುಂಬ ಬೈದುಕೊಂಡೆ. ಬೈದುಕೊಂಡೇ ಆಯ್ದೆ.

ರಸ್ತೆಯಲ್ಲಿ ಒಂದು ಬೈಕು ನಿಂತಿತು. ನಮ್ಮ ಎಂಟನೇ ತರಗತಿಯ ಹುಡುಗಿಯೊಬ್ಬಳ ತಂದೆ.

"ಏನ್ ಮೇಡಂ, ಏನಾರ ಬಿದ್ದೋಯ್ತಾ? ಉಡುಕ್ಕೊಡ್ಲಾ?"

ಓಲೆ ಬಿದ್ದಿದೆ ಅನ್ನಬಹುದಿತ್ತು. ಅವರೂ ಸ್ವಲ್ಪ ಹುಡುಕಿ ಹೋಗುತ್ತಿದ್ದರು. ನಾನು ಸೊಂಟ ನೆಟ್ಟಗೆ ಮಾಡಿ ನಿಂತೆ.

"ಏನೂ ಬಿದ್ದಿಲ್ಲ. ಹಕ್ಕಲು ಆಯ್ತಿದೀನಿ."

ಅವರು ಗದ್ದೆಯ ಉದ್ದಕ್ಕೂ ಕಣ್ಣಾಡಿಸಿದರು. ಆಮೇಲೆ, "ಆ ಮೂಲೇಲಿ ಇನ್ನೂ ಅವೆ ನೋಡಿ ಮೇಡಂ," ಎಂದು ಕೈತೋರಿಸಿ ಹೋದರು.

ಬಸ್ಸಿನಲ್ಲಿ ಹೆಣೆದೆ. ಅವ್ವ ಬೆರಳಾಡಿಸಿ ನೋಡಿ, ಬಿಗಿ ಆಯ್ತು, ಬಿಚ್ಚು ಅಂದಳು. ಬಿಚ್ಚಿದೆ. ನಂಜನಗೂಡಿನಲ್ಲಿ ಬಸ್ಸು ಬದಲಾಯಿಸಿ ಮತ್ತೆ ಹೆಣೆದೆ. ನಕ್ಷತ್ರ ಮಾಡುವಷ್ಟು ಹೊತ್ತೂ ಇರಲಿಲ್ಲ, ತೆನೆಯೂ ಇರಲಿಲ್ಲ. ಒಂದು ಕುಚ್ಚು ಆಯಿತು.

ತಿ. ನರಸೀಪುರದ ಮನೆಯ ಅಂಗಳದಲ್ಲಿ ಅವರನ್ನು ಮಲಗಿಸಿದ್ದರು. ಮುಖದಲ್ಲಿ ಅದೇ, ನೆಲ ನೋಡುವ ಗಾಂಭೀರ್ಯ. ಎದೆಯ ಮೇಲೆ ಯಾರೋ ತಂದಿಟ್ಟ ಪ್ಲಾಸ್ಟಿಕ್ ಹೂವಿನ ದೊಡ್ಡ ಚಕ್ರ, ಫಳಫಳ ಹೊಳೆಯುತ್ತಿತ್ತು. ನಾನು ಸುತ್ತ ನೋಡಿದೆ. ಅದನ್ನು ಎರಡೂ ಕೈಯಲ್ಲಿ ಎತ್ತಿ, ಒಂದು ಎಸಳೂ ನಲುಗದ ಹಾಗೆ ಒಯ್ದು, ಜಗಲಿಯ ಮೇಜಿನ ಮೇಲಿಟ್ಟು ಬಂದೆ. ತಂಗಿಯ ಮಗಳು ನೋಡುತ್ತಿದ್ದಳು. ಅವ್ವನ ಕೈ ಹಿಡಿದು ಕುಚ್ಚನ್ನು ಅವರ ಕೈಯ ಹತ್ತಿರ ಇಡಿಸಿದೆ. ಇಡುವಾಗ ಸಣ್ಣಗೆ ಸದ್ದಾಯಿತು.

"ಉದುರ್ತಾ?" ಅಂದಳು ಅವ್ವ.

"ಎರಡು ಕಾಳು."

"ನೋಡ್ದಾ. ಇನ್ನೂ ಬಿಗಿಯಾಗೇ ಅದೆ."

ಮತ್ತೆ ಬಿಚ್ಚಲು ಹೊತ್ತಿರಲಿಲ್ಲ, ಫಾದರ್ ಪ್ರಾರ್ಥನೆ ಶುರುಮಾಡಿದ್ದರು. ನಾನು ಬಗ್ಗಿ ಆ ಎರಡು ಕಾಳು ಆರಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಈಗ ಅವೂ ಡಬ್ಬದಲ್ಲಿವೆ. ತಿಂಗಳಿಗೊಂದು ಸಲ ಅವಕ್ಕೂ ಬಿಸಿಲು ತೋರಿಸಬೇಕು.